ತೊಳೆಯದ ಜಡೆ

ಮೊದಲ ಪತಂಗ ಕಂಡದ್ದು ನನ್ನ ಕನ್ನಡಕದ ಮೇಲೆ. ಅಕ್ಕಿಕಾಳಿನಷ್ಟಿತ್ತು, ಮಾಸಲು ಹಳದಿ. ದೀಪದ ಕಡೆ ಹಾರುವ ಬುದ್ಧಿಯೂ ಇದಕ್ಕಿಲ್ಲ, ಕತ್ತಲು ಹುಡುಕಿಕೊಂಡು ಓಡುತ್ತದೆ. ವಿಗ್ ಮಾಡುವವರ ಪಾಲಿಗೆ ಇದಕ್ಕಿಂತ ದೊಡ್ಡ ಶನಿ ಇಲ್ಲ, ಇದರ ಹುಳು ತಿನ್ನುವುದೇ ಕೂದಲು.

ಅದೂ ಎಲ್ಲ ಕೂದಲನ್ನಲ್ಲ. ಬೆವರು, ಎಣ್ಣೆಜಿಡ್ಡು ಇರಬೇಕು. ಅದಕ್ಕೇ ನಮ್ಮಲ್ಲಿ ಕೂದಲು ಬಾಗಿಲು ದಾಟಿದ ತಕ್ಷಣ ಸೋಪಿನ ನೀರಿಗೆ. ಒಮ್ಮೆ ನಾನು ಒಂದು ಜಡೆಯನ್ನು ಹಾಗೇ ಬೀರುವಿನಲ್ಲಿಟ್ಟೆನೆಂದು ನಮ್ಮ ಯಜಮಾನರು ಊಟ ಬಿಟ್ಟು ಕೂಗಾಡಿದ್ದರು. ಹಾಗಾದರೆ ಈ ದರಿದ್ರದ್ದು ಎಲ್ಲಿ ಮನೆ ಮಾಡಿದೆ? ಡ್ರಾಯರುಗಳನ್ನು ಬರಿದು ಮಾಡಿದೆ, ವಿಗ್ ಕೂರಿಸುವ ಮರದ ತಲೆಗಳನ್ನು ಒರೆಸಿದೆ, ರಗ್ಗು ಝಾಡಿಸಿದೆ. ಎಲ್ಲೂ ಇಲ್ಲ. ನನ್ನ ತಲೆ ಮೊಸರುಗಡಿಗೆಯಾಯಿತು.

ಆಮೇಲೆ ಗೋಡೆಯ ಮೇಲೆ ಹುಳುವೇ ಸಿಕ್ಕಿತು. ತಾನು ತಿನ್ನುವ ಕೂದಲಿನಿಂದಲೇ ಚೀಲ ನೇಯ್ದುಕೊಂಡು ಹೊತ್ತು ತಿರುಗುವ ಜಾತಿ ಇದು. ಅಂಗಡಿಯಲ್ಲಿದ್ದದ್ದೆಲ್ಲ ಕಪ್ಪು ಕೂದಲು, ಈ ಚೀಲವೋ ಕೆಂಚು. ಕೆಂಚು ಕೂದಲು ನಮ್ಮ ಮನೆಯಲ್ಲಿ ಒಬ್ಬಳಿಗೇ, ನನ್ನ ನಾದಿನಿಗೆ.

ಆಸ್ಪತ್ರೆಯ ಔಷಧಿಗೆ ಕೂದಲು ಉದುರುತ್ತದೆಂದು ಅವಳು ಮೊದಲೇ ಜಡೆ ಕತ್ತರಿಸಿ, "ಇದ್ರಲ್ಲೇ ವಿಗ್ ಮಾಡ್ಕೊಡಣ್ಣ" ಎಂದು ಇವರ ಕೈಗೆ ಕೊಟ್ಟಿದ್ದಳು. ಅವಳು ಕೇಳಿದಾಗಲೆಲ್ಲ ಇವರು "ನಡೀತಿದೆ, ನಡೀತಿದೆ" ಅನ್ನುತ್ತಿದ್ದರು. ಅವತ್ತು ಸಂಜೆಯೇ ಅವಳು ಹಾಕಿ ನೋಡಲು ಬರುವವಳಿದ್ದಳು.

ಇವರ ಮೇಜಿನಡಿಯ ಪೆಟ್ಟಿಗೆ ಎಳೆದು ತೆಗೆದೆ. ಜಡೆ ಹೆಣೆದಂತೆಯೇ ಇತ್ತು. ಮುಟ್ಟಿದರೆ ಚೂರುಚೂರಾಗಿ ಉದುರಿತು.

"ರೀ, ಇದನ್ನ ತೊಳೀಲೇ ಇಲ್ವಾ?"

ಇವರು ಗೋಡೆ ನೋಡುತ್ತಾ ಹೇಳಿದರು: "ತೊಳೆದ್ರೆ ಅವಳ ವಾಸನೆ ಹೋಗುತ್ತಲ್ಲ."

ಬಯ್ಯಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ಮನುಷ್ಯ! ಅಷ್ಟರಲ್ಲಿ ಬಾಗಿಲಲ್ಲಿ ನಾದಿನಿ. ನಾನು ಪೆಟ್ಟಿಗೆಗೆ ಅಡ್ಡ ನಿಂತೆ.

"ಸ್ವಲ್ಪ ಸರೀರಿ ಅತ್ತಿಗೆ. ನಾನು ಎಲ್ಲಾ ಕೇಳಿಸ್ಕೊಂಡೆ."

ಪೆಟ್ಟಿಗೆಯೊಳಗೆ ಬಹಳ ಹೊತ್ತು ನೋಡಿದಳು. ಕಿರುಚುತ್ತಾಳೆಂದು ನಾನು ಕಾದೆ. ಅವಳು ಸ್ಕಾರ್ಫ್ ಬಿಚ್ಚಿ, ಇವರ ಮುಂದಿನ ಸ್ಟೂಲಿನ ಮೇಲೆ ಕೂತು, ಬೋಳು ತಲೆಯನ್ನು ಇವರ ಮೂಗಿನ ಹತ್ತಿರಕ್ಕೇ ಬಗ್ಗಿಸಿದಳು.

"ವಾಸನೆ ಬೇಕಾದ್ರೆ ನಾನಿನ್ನೂ ಇದೀನಲ್ಲೋ ಅಣ್ಣ. ನಂಗೆ ಬೇಕಾಗಿದ್ದು ಕೂದಲು. ಯಾರದ್ದಾದ್ರೂ ಪರವಾಗಿಲ್ಲ, ಅಳತೆ ತಗೋ."

ಇವರು ಅಳತೆಪಟ್ಟಿ ಹುಡುಕತೊಡಗಿದರು. ಅದು ಅವರ ಕುತ್ತಿಗೆಯಲ್ಲೇ ಇತ್ತು.