ಮೀಸಲು ಟಗರು

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿದ್ದ ಖಾಜಾಸಾಬನ ಶೀಕಿನಂಗಡಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸಂಜೆ ಮಿಲ್ಲಿನ ಭೋಂಗಾ ಕೂಗಿ ನಿಲ್ಲುವಷ್ಟರಲ್ಲಿ ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿ ಹೊಗೆ ಏಳುತ್ತಿತ್ತು. ಮೂಗಿದ್ದವರೆಲ್ಲ ತಾವಾಗಿಯೇ ಬರುತ್ತಿದ್ದರು. ಕಬ್ಬಿಣದ ಕಡ್ಡಿಗೆ ಪೋಣಿಸಿದ ಮಾಂಸದ ತುಣುಕು, ನಡುನಡುವೆ ಚರಬಿಯ ಚೂರು, ಮೇಲೆ ಖಾರ, ನಿಂಬೆಹುಳಿ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ. ಇಷ್ಟರ ಮುಂದೆ ಅಣ್ಣಾರಾಯನಿಗೆ ಇಂದ್ರನ ಭೋಜನವೂ ಸಪ್ಪೆ. ಪ್ರತಿ ಶನಿವಾರ ಅದೇ ಬಾಕಿನ ಅದೇ ಮೂಲೆಯಲ್ಲಿ ಕೂತು, ಯಾರೊಡನೆಯೂ ಮಾತಾಡದೆ, ಪೂಜೆಗೆ ಕೂತವನ ಶ್ರದ್ಧೆಯಿಂದ ತಿನ್ನುತ್ತಿದ್ದ.

ಅಣ್ಣಾರಾಯ ಮಿಲ್ಲಿನಲ್ಲಿ ಕಾರಕೂನ. ಊರು ಅಕ್ಕಲಕೋಟೆ ತಾಲೂಕಿನ ವಾಗದರಿ, ಕುರಿ ಕಾಯುವ ಮನೆತನ. ತಾಯಿ ತುಳಜಾಬಾಯಿ, ಹೆಂಡತಿ ಸುಗಲಾಬಾಯಿ, ಎರಡು ತುಂಬಿದ ಮಗ ಬೀರಣ್ಣ, ಕುರಿಯ ಹಿಂದೆ ತಿರುಗುವ ತಮ್ಮ ಮರೆಪ್ಪ, ಎಲ್ಲರೂ ಊರಲ್ಲೇ. ಇವನು ರವಿವಾರ ಹೋಗಿ ಸೋಮವಾರ ಬರುವ ನೆಂಟ. ಅಪ್ಪ ಬಂದನೆಂದರೆ ಮಗ ಅಜ್ಜಿಯ ಸೆರಗಿನ ಹಿಂದೆ ಅಡಗುತ್ತಿದ್ದ. ಎತ್ತಿಕೊಂಡರೆ ಊರು ಒಂದಾಗುವಂತೆ ಅಳುತ್ತಿದ್ದ. ಅದೊಂದು ಅಣ್ಣಾರಾಯನನ್ನು ಒಳಗೊಳಗೇ ಕೊರೆಯುತ್ತಿತ್ತು.

ಆ ಮಗ ಸುಮ್ಮನೆ ಉಳಿದದ್ದಲ್ಲ. ಅವನಿಗಿಂತ ಮೊದಲಿನ ಎರಡು ಕೂಸುಗಳು ಬಾಣಂತಿಕೋಣೆಯಲ್ಲೇ ಕಣ್ಣು ಮುಚ್ಚಿದ್ದವು. ಮೂರನೆಯದು ಹುಟ್ಟಿದಾಗ ತುಳಜಾಬಾಯಿ ಅದೇ ವಾರ ಹುಟ್ಟಿದ ಒಂದು ಟಗರುಮರಿಯನ್ನು ಬೀರಪ್ಪನ ಗುಡಿಗೆ ಒಯ್ದು, ಎಡಗಿವಿ ಸೀಳಿ, ಅರಿಸಿನದ ಭಂಡಾರ ಹಚ್ಚಿ ಬೇಡಿಕೊಂಡಿದ್ದಳು: "ಕೂಸು ಬದುಕಿದರ ಜಾವಳದ ದಿನ ಇದು ನಿನ್ನದು ನಮ್ಮಪ್ಪ. ಒಂದರ ಬದಲಿಗೆ ಒಂದು." ಅಂದಿನಿಂದ ಅದು ಮೀಸಲು. ಅದರ ಉಣ್ಣೆ ಕತ್ತರಿಸುವಂತಿಲ್ಲ, ಅದಕ್ಕೆ ಕೋಲು ಎತ್ತುವಂತಿಲ್ಲ. ಬೀರಣ್ಣ ಮಾತ್ರ ಅದರ ಎರಡೂ ಕಿವಿ ಹಿಡಿದೇ ಎದ್ದು ನಿಲ್ಲುವುದನ್ನು ಕಲಿತಿದ್ದ. ಕೊಂಬು ಬಂದಾಗ ಅಜ್ಜಿ ಬಲಗೊಂಬಿನ ತುದಿಗೆ ತೂತು ಕೊರೆಸಿ ಕೆಂಪು ದಾರ ಕಟ್ಟಿದ್ದಳು.

ಎಪ್ಪತ್ನಾಲ್ಕನೆಯ ಇಸವಿ, ಮಗನ ಹುಟ್ಟುಗೂದಲು ತೆಗೆಸುವ ಜಾವಳಕ್ಕೆ ಇನ್ನೊಂದು ತಿಂಗಳಿತ್ತು. ಮರೆಪ್ಪ ಹಿಂಡನ್ನು ಕಂದಲಗಾಂವದ ಕಡೆಗೆ ಹೊಡೆದುಕೊಂಡು ಹೋಗಿದ್ದ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲದವರಿಗೆ ಗೊಬ್ಬರ, ಇವನಿಗೆ ಜೋಳ. ಮೀಸಲು ಟಗರೂ ಹಿಂಡಿನ ಜೊತೆಗೇ ಹೋಗಿತ್ತು.

ಆ ಶನಿವಾರ ಅಣ್ಣಾರಾಯ ಬಾಕಿನ ಮೇಲೆ ಕೂರುತ್ತಲೇ ಖಾಜಾಸಾಬ ಬೀಸಣಿಗೆ ಆಡಿಸುತ್ತ ನಕ್ಕ.

"ಇವತ್ತಿನ ಮಾಲು ಬ್ಯಾರೇನ ಐತ್ರಿ ಸಾಹೇಬ. ಬಜಾರದಾಗ ದಲಾಲನ ಕಡಿಂದ ತಂದೀನಿ. ಯಾರೋ ಪಾಪ, ಮಗನಂಗ ಸಾಕ್ಯಾರ."

ಸುಳ್ಳಲ್ಲ. ಮೊದಲ ಶೀಕು ನಾಲಿಗೆಗೆ ತಾಗಿದ್ದೇ ತಡ ಅಣ್ಣಾರಾಯನ ಕಣ್ಣು ತಾವಾಗಿ ಮುಚ್ಚಿದವು. ಇಷ್ಟು ವರ್ಷ ತಿಂದದ್ದೆಲ್ಲ ಬರಿ ಎಲುಬು ಎನಿಸಿತು. ಖಾರ ನೆತ್ತಿಗೇರಿತು. ನೀರಿನ ಮಡಕೆ ಅಂಗಡಿಯ ಹಿಂದುಗಡೆ ಇತ್ತು, ಎದ್ದು ಹೋದ.

ಮಡಕೆಯ ಪಕ್ಕದಲ್ಲಿ, ಗೋಣಿಚೀಲದ ಮೇಲೆ, ಸುಡಲು ಇಟ್ಟಿದ್ದ ಟಗರಿನ ತಲೆಯಿತ್ತು. ಎಡಗಿವಿ ಎರಡಾಗಿ ಸೀಳಿತ್ತು. ಬಲಗೊಂಬಿನ ತೂತಿನಲ್ಲಿ ಕೆಂಪು ದಾರದ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು. ಕಣ್ಣು ತೆರೆದೇ ಇದ್ದವು. ಅಣ್ಣಾರಾಯ ನೀರು ಕುಡಿಯದೆ ತಂಬಿಗೆಯನ್ನು ಅಲ್ಲೇ ಬಿಟ್ಟ.

ಇಲ್ಲಿಯವರೆಗೆ ಆದದ್ದಕ್ಕೆ ಅವನನ್ನು ಯಾರೂ ಬೈಯಲಾರರು. ತಿಳಿಯದೆ ತಿಂದದ್ದನ್ನು ದೇವರೂ ಮನ್ನಿಸುತ್ತಾನೆ. ಅವನು ಹೊರಗೆ ಬಂದದ್ದು ಚಪ್ಪಲಿ ಮೆಟ್ಟಿ ಹೊರಟುಬಿಡಲೆಂದೇ. ಆದರೆ ತಟ್ಟೆಯಲ್ಲಿ ಎರಡನೆಯ ಶೀಕು ಬಿಸಿಬಿಸಿಯಾಗಿ ಕಾಯುತ್ತಿತ್ತು. ಕೊಬ್ಬು ಇನ್ನೂ ಚುರ್ ಎನ್ನುತ್ತಿತ್ತು. ಹಾಳಾದ ನಾಲಿಗೆ! ಹೇಗೂ ಸತ್ತಿದೆಯಲ್ಲ, ಬಿಟ್ಟರೇನು ಬದುಕುತ್ತದೆಯೇ ಎಂದು ಅದು ವಕೀಲಿ ಮಾಡಿತು. ಅಣ್ಣಾರಾಯ ಕೂತ. ತಿಂದ. ಮೂರನೆಯದನ್ನು ತಾನೇ ಕೇಳಿ ಹಾಕಿಸಿಕೊಂಡ.

ಮರುದಿನ ವಾಗದರಿಯ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಮರೆಪ್ಪ ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದ.

"ದಾರಿಯೊಳಗ ಯಾರದೋ ಹಿಂಡು ಅಡ್ಡ ಬಂತಣ್ಣ, ಅದರಾಗ ಕೂಡಿ ಹೋಗೇತಿ. ನಾಕ ಊರು ಹುಡುಕೀನಿ. ಸಿಗಲಿಲ್ಲ."

"ನಿನಗ ಕಣ್ಣಿರಲಿಲ್ಲೇನು?" ಎಂದು ಅಣ್ಣಾರಾಯ ತಮ್ಮನ ಮೇಲೆ ಹರಿಹಾಯ್ದ. ಕಳ್ಳನಿಗೆ ದನಿ ದೊಡ್ಡದು.

ತುಳಜಾಬಾಯಿ ಇಬ್ಬರನ್ನೂ ನೋಡಲಿಲ್ಲ. "ಟಗರು ಹೋದರ ಹೋಗ್ಲಿ. ಮಾತು ಉಳೀತಲ್ಲೋ. ಒಂದರ ಬದಲಿಗೆ ಒಂದು ಅಂದೀನಿ ನಾ," ಎಂದು ಮೊಮ್ಮಗನನ್ನು ಎದೆಗೆ ಒತ್ತಿಕೊಂಡಳು.

ಆಗಲೇ ಆ ಕೂಸು ಅಪ್ಪನ ಕಡೆ ತಿರುಗಿತು. ಮೂಗು ಅರಳಿಸಿತು. ಅಜ್ಜಿಯ ತೋಳಿನಿಂದ ಜಾರಿ ನೆಟ್ಟಗೆ ಬಂದು, ಕುಳಿತಿದ್ದ ಅಣ್ಣಾರಾಯನ ಎರಡೂ ಕಿವಿ ಹಿಡಿದು, ಹಣೆಗೆ ಹಣೆ ಹಚ್ಚಿ ನಕ್ಕಿತು.

"ನೋಡ್ರಿ, ಕಡಿಗೂ ನಿಮ್ಮ ಮಗಗ ಅಪ್ಪನ ಗುರುತು ಹತ್ತಿತು!" ಎಂದು ಸುಗಲಾಬಾಯಿ ಅಷ್ಟು ದುಃಖದಲ್ಲೂ ಹಿಗ್ಗಿದಳು. ಎರಡು ವರ್ಷ ಯಾವುದಕ್ಕೆ ಹಂಬಲಿಸಿದ್ದನೋ ಅದು ಕೈಗೆ ಬಂದಿತ್ತು. ಅಣ್ಣಾರಾಯನ ಬೆನ್ನಲ್ಲಿ ಬೆವರು ಇಳಿಯಿತು.

ಆ ಮೇಲಿನ ರವಿವಾರಗಳಲ್ಲಿ ಬೀರಣ್ಣ ಅಪ್ಪನನ್ನು ಬಿಟ್ಟು ಅಲುಗಲಿಲ್ಲ. ಮಧ್ಯಾಹ್ನ ಅವನ ಹೊಟ್ಟೆಯ ಮೇಲೆ ತಲೆಯಿಟ್ಟೇ ಮಲಗುತ್ತಿದ್ದ. ಒಮ್ಮೆ ಹೊಟ್ಟೆಗೆ ಕಿವಿ ಹಚ್ಚಿ, ಯಾರನ್ನೋ ಮೆಲ್ಲಗೆ ಕರೆಯುವಂತೆ "ಬಾ, ಬಾ" ಅಂದ. ಅಂಗಳದಿಂದ ಹಸಿ ಹುಲ್ಲು ಕಿತ್ತು ತಂದು ಅಪ್ಪನ ಬಾಯಿಗೆ ಹಿಡಿದ. ಮನೆಯವರು ನಕ್ಕರು. ಅಣ್ಣಾರಾಯನಿಗೆ ರೊಟ್ಟಿ, ಮೊಸರು, ಕೊನೆಗೆ ಬರಿ ನೀರಿನಲ್ಲೂ ಆ ಹೊಗೆಯ ರುಚಿಯೇ ಬರುತ್ತಿತ್ತು. ಖಾಜಾಸಾಬನ ಅಂಗಡಿಯ ದಾರಿಯನ್ನೇ ಬಿಟ್ಟಿದ್ದ. ಅಂಗಿ ಮೂರು ಸಲ ಒಗೆದರೂ ವಾಸನೆ ಹೋಗಲಿಲ್ಲ. ಅವ್ವನಿಗೆ ಹೇಳಿಬಿಡಬೇಕೆಂದು ಬಾಯಿ ತೆರೆಯುತ್ತಿದ್ದ. ಮರೆಪ್ಪ ಅನ್ನ ಬಿಟ್ಟು ಸೊರಗುತ್ತಿರುವುದನ್ನು ಕಂಡು ಮತ್ತೆ ಮುಚ್ಚುತ್ತಿದ್ದ. ಬೈದ ಮೇಲೆ ಒಪ್ಪಿಕೊಳ್ಳುವುದು ಇನ್ನೂ ಕಷ್ಟ.

ಜಾವಳದ ದಿನ ಬಂತು. ಚೈತ್ರದ ನಡುಮಧ್ಯಾಹ್ನ, ಬೀರಪ್ಪನ ಗುಡಿಯ ಮುಂದಿನ ಕಲ್ಲು ಕಾಲು ಸುಡುತ್ತಿತ್ತು. ಬೀರಣ್ಣನ ಕೂದಲು ತೆಗೆಸಿ ಬೋಳುತಲೆಗೆ ಭಂಡಾರ ಹಚ್ಚಿದ್ದರು. ಅವನು ಅಪ್ಪನ ಹೆಗಲ ಮೇಲೆ ಕೂತಿದ್ದ. ತುಳಜಾಬಾಯಿ ಬೇರೆ ಟಗರು ತಂದಿದ್ದಳು. ಪೂಜಾರಿ ಕಲ್ಲಣ್ಣ ಅದರ ಬೆನ್ನಿಗೆ ನೀರು ಹೊಯ್ದ. ಆ ಜನರ ಪದ್ಧತಿ ಹೀಗೆ: ನೀರು ಬಿದ್ದಾಗ ಟಗರು ಮೈ ಝಾಡಿಸಿ ನೀರು ಕೊಡವಿದರೆ ದೇವರು ಒಪ್ಪಿದ ಹಾಗೆ. ಅಲ್ಲಿಯವರೆಗೆ ಯಾರೂ ಕತ್ತಿ ಎತ್ತುವುದಿಲ್ಲ.

ಟಗರು ಕಲ್ಲಿನಂತೆ ನಿಂತಿತು. ಮತ್ತೆ ಹೊಯ್ದರು. ಡೊಳ್ಳು ಜೋರಾಗಿ ಬಾರಿಸಿದರು. ಮತ್ತೆ ಹೊಯ್ದರು. ನೀರು ಉಣ್ಣೆಯಿಂದ ಇಳಿದು ಕಲ್ಲಿನ ಮೇಲೆ ಆರಿಹೋಯಿತು. ಡೊಳ್ಳಿನವರ ಕೈ ನಿಂತಿತು.

"ಇದು ನೀ ಇಟ್ಟ ಮೀಸಲಲ್ಲ, ತಂಗಿ," ಎಂದ ಕಲ್ಲಣ್ಣ. "ದೇವರು ಒಲ್ಲೆ ಅಂತಾನ."

"ಮತ್ತ ಏನ ಬೇಕು ಅವಂಗ? ಏನ ಬೇಕು?" ತುಳಜಾಬಾಯಿ ತಂಬಿಗೆ ಕಸಿದುಕೊಂಡು ನೀರನ್ನು ಗುಡಿಯ ಕಡೆ ಎರಚಿದಳು. ಅದು ಗುಡಿಗೆ ಮುಟ್ಟಲಿಲ್ಲ. ಮಗುವಿನ ಬೋಳುತಲೆಯ ಮೇಲೆ ಬಿತ್ತು.

ಬೀರಣ್ಣ ಅಳಲಿಲ್ಲ. ಅವನ ಪುಟ್ಟ ತೊಡೆಗಳು ಅಣ್ಣಾರಾಯನ ಕೊರಳ ಸುತ್ತ ಬಿಗಿಯಾದವು. ಆ ಸುಡುಬಿಸಿಲಿನಲ್ಲಿ ಮಗುವಿನ ಪಾದದಿಂದ ಸಣ್ಣಗೆ ಒಂದು ನಡುಕ ಹುಟ್ಟಿ ಮೇಲಕ್ಕೆ ಏರತೊಡಗಿತು. ಅದನ್ನು ಅಣ್ಣಾರಾಯ ತನ್ನ ಎದೆಯ ಮೇಲೆ ಕಂಡ. ಸುತ್ತಲಿದ್ದವರೂ ಕಂಡರು. ಸುಗಲಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು.

ಅಣ್ಣಾರಾಯ ಮಗನನ್ನು ಕಿತ್ತು ಅವಳ ಕೈಗೆ ಹಾಕಿದ. ಮಗು ಅವನ ಕಿವಿ ಬಿಡಲಿಲ್ಲ, ಎಳೆದು ಬಿಡಿಸಬೇಕಾಯಿತು.

"ಅವಂಗ ಮುಟ್ಟಬ್ಯಾಡ್ರಿ!" ಎಂದು ಕೂಗಿದ. "ತಿಂದಾವ ನಾನು. ಸೊಲ್ಲಾಪುರದಾಗ, ಅದರ ತಲಿ ಕಣ್ಣಿಲೆ ನೋಡಿ, ನಮ್ದ ಅಂತ ಗೊತ್ತಿದ್ದೂ ತಿಂದೀನಿ ಅವ್ವಾ. ಮರ್‍ಯಾನ ತಪ್ಪಿಲ್ಲ."

ಅವನು ಕೊಡಪಾನ ಎತ್ತಿ ಉಳಿದ ನೀರನ್ನೆಲ್ಲ ತನ್ನ ತಲೆಯ ಮೇಲೆ ಸುರಿದುಕೊಂಡು, ಗುಡಿಯ ಕಡೆ ಮುಖ ಮಾಡಿ, ಕೈ, ಮಂಡಿ ಎರಡನ್ನೂ ನೆಲಕ್ಕೂರಿ ಕೂತ. ಮೊದಲು ಏನೂ ಆಗಲಿಲ್ಲ. ಆಮೇಲೆ ಅವನ ಹೆಡಕು ಅದುರಿತು. ಭುಜ ಅದುರಿತು. ಹೆಡಕಿನಿಂದ ಹಿಮ್ಮಡಿಯವರೆಗೆ ಇಡೀ ಮೈ ಉಣ್ಣೆಯಲ್ಲಿನ ನೀರು ಕೊಡವುವಂತೆ ಝಾಡಿಸಿತು. ಹನಿಗಳು ನಿಂತವರ ಮುಖಕ್ಕೆ ಸಿಡಿದವು. ಸುಗಲಾಬಾಯಿಯ ತೋಳಲ್ಲಿ ಮಗುವಿನ ನಡುಕ ನಿಂತುಹೋಯಿತು.

ಇಂಥ ಹೊತ್ತಿನಲ್ಲಿ ಜನ ದೇವರಿಗೆ ಚಾಂಗಭಲೋ ಎಂದು ಜೈಕಾರ ಕೂಗಬೇಕು. ಒಬ್ಬರೂ ಕೂಗಲಿಲ್ಲ. ಕಲ್ಲಣ್ಣನ ತುಟಿ ಮಾತ್ರ ಅಲುಗಿತು.

ತುಳಜಾಬಾಯಿ ಹೋಗಿ ಆ ಇನ್ನೊಂದು ಟಗರಿನ ಕೊರಳಿನ ಹಗ್ಗ ಬಿಚ್ಚಿದಳು. ಅದು ಹೊಲದತ್ತ ನಡೆದುಹೋಯಿತು. ಅವಳು ಹಗ್ಗ ಹಿಡಿದು ಮಗನ ಮುಂದೆ ಬಂದು ನಿಂತಳು. ಮೊಮ್ಮಗನನ್ನು ಒಮ್ಮೆ ನೋಡಿದಳು, ತಾನು ಹೆತ್ತವನನ್ನು ಒಮ್ಮೆ ನೋಡಿದಳು. ಕೈ ಮುಂದೆ ಬರಲಿಲ್ಲ.

ಅಣ್ಣಾರಾಯನೇ ಕೊರಳು ಬಗ್ಗಿಸಿದ.