ಬಾಣಂತಿಗೆ ಬೆಂಕಿ

ಬಿದಿರು ಮೆಳೆಯೊಳಗಿನ ಆ ಆಸ್ಪತ್ರೆಯಲ್ಲಿ ಹಗಲು ಒಲೆ ಹಚ್ಚುವಂತಿರಲಿಲ್ಲ. ಹೊಗೆ ಕಂಡಲ್ಲಿಗೆ ಸೈನ್ಯದ ವಿಮಾನ ಬಂದು ಬಾಂಬು ಹಾಕುತ್ತಿತ್ತು. ಹಿಂದಿನ ಎರಡು ಆಸ್ಪತ್ರೆಗಳೂ ಹಾಗೇ ಹೋಗಿದ್ದವು. ಸೈನ್ಯ ದೇಶವನ್ನು ಕೈಗೆ ತೆಗೆದುಕೊಂಡಾಗ ಮಂಡಲೆಯ ಸರ್ಕಾರಿ ಕೆಲಸಕ್ಕೆ ಕೈಮುಗಿದು ಈ ಕಯಾ ಬೆಟ್ಟಗಳಿಗೆ ಬಂದಿದ್ದ ನರ್ಸ್ ಯಿ ಮೋನ್‌ಗೆ ಸಾಕುಸಾಕಾಗಿತ್ತು. ಮತ್ತೊಮ್ಮೆ ಗಂಟುಮೂಟೆ ಕಟ್ಟುವ ತ್ರಾಣ ಅವಳಲ್ಲಿರಲಿಲ್ಲ.

ಬೆಳಗ್ಗೆ ಹೆತ್ತ ಥೇ ಮೆಯ ತಾಯಿ ಬು ಮೆ ಮಾತ್ರ ಪಟ್ಟು ಬಿಡಲಿಲ್ಲ. ಬಾಣಂತಿಯನ್ನು ಬೆಂಕಿಯ ಪಕ್ಕ ಮಲಗಿಸದಿದ್ದರೆ ಶೀತ ಗರ್ಭಕ್ಕಿಳಿದು ಜೀವ ತೆಗೆಯುತ್ತದೆಂದು ಅವಳ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.

"ನೀನು ಹೆತ್ತಿದ್ದೀಯೇನೇ?"

"ಇಲ್ಲ ಅಜ್ಜಿ."

"ಅದಕ್ಕೇ ಈ ಬಾಯಿ. ಸೂಜಿ ಚುಚ್ಚೋದು ಕಲ್ತ್ರೆ ಬಾಣಂತನ ಬಂದ್ಬಿಡತ್ತಾ?"

"ಹೊಗೆ ಎದ್ರೆ ಬಾಣಂತೀನೂ ಇರಲ್ಲ, ಮಗೂನೂ ಇರಲ್ಲ. ಫ್ಲಾಸ್ಕಲ್ಲಿ ರಾತ್ರಿ ಕಾಯಿಸಿದ ನೀರಿದೆ, ಬಾಟ್ಲಿಗೆ ತುಂಬಿ ಕೊಡ್ತೀನಿ."

"ಉಗುರುಬೆಚ್ಚಗಿನ ನೀರಲ್ಲಿ ಬಾಣಂತನವಂತೆ! ನಿಮ್ಮಮ್ಮನ್ನ ಕೇಳು ಹೋಗು."

ಮುದುಕಿ ಗೊಣಗುತ್ತ ಹೊರಟುಹೋದಳು. ಬದುಕಿದೆಯಾ ಬಡಜೀವವೇ ಎಂದುಕೊಂಡು ಯಿ ಮೋನ್ ಗಾಯಾಳುಗಳ ಬ್ಯಾಂಡೇಜು ಬದಲಿಸಲು ಕೂತಳು.

ಮಧ್ಯಾಹ್ನ ಹಳ್ಳದಾಚೆಯ ದಿನ್ನೆಯಲ್ಲಿ ಹೊಗೆ ಎದ್ದಿತು. ಯಿ ಮೋನ್ ಬೈಯುತ್ತಲೇ ಓಡಿದಳು. ಪಾಳುಬಿದ್ದ ಜೋಳದ ಹೊಲದಲ್ಲಿ ಬು ಮೆ ಒಬ್ಬಳೇ ಬೆಂಕಿ ಮಾಡಿಕೊಂಡು ಕಲ್ಲು ಕಾಯಿಸುತ್ತಿದ್ದಳು.

"ತಲೆ ಕೆಟ್ಟಿದೆಯಾ ಅಜ್ಜಿ? ಮೊದ್ಲು ಆರಿಸಿ!"

"ಯಾಕೆ ಕೂಗ್ತೀಯ? ನಿನ್ನ ಆಸ್ಪತ್ರೆ ಅಷ್ಟು ದೂರ ಇದೆಯಲ್ಲ. ಹಾಕೋದಾದ್ರೆ ನನ್ನ ತಲೆ ಮೇಲೇ ಹಾಕ್ಲಿ." ಮುದುಕಿ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಕಾದ ಕಲ್ಲುಗಳನ್ನು ಅದರಲ್ಲಿ ಕಟ್ಟಿ ಅವಳ ಕೈಗಿಟ್ಟಳು. "ನಿನ್ನ ಕಾಲು ಚುರುಕು. ಆರೋದ್ರೊಳಗೆ ಅವಳ ಹೊಟ್ಟೆ ಮೇಲಿಡು. ಇನ್ನೆರಡು ಕಾದ್ಮೇಲೆ ನಾನೂ ಬರ್ತೀನಿ."

ಬೆಂಕಿಗೆ ಮಣ್ಣು ಸುರಿಯಬೇಕಿತ್ತು, ಮುದುಕಿಯನ್ನು ಎಳೆದುಕೊಂಡು ಬರಬೇಕಿತ್ತು. ಆದರೆ ಜಗಳಕ್ಕೂ ತ್ರಾಣ ಬೇಕಲ್ಲ. ಯಿ ಮೋನ್ ಗಂಟು ಹೊತ್ತು ಹೊರಟಳು.

ಹಳ್ಳ ದಾಟುವಾಗ ವಿಮಾನದ ಸದ್ದು ಕೇಳಿತು. ಅವಳು ನೆಲಕ್ಕೆ ಬಿದ್ದಳು, ನೆಲ ನಡುಗಿತು. ಎದ್ದು ದಿನ್ನೆಗೆ ವಾಪಸು ಓಡಿದಳು. ಅಲ್ಲಿ ಶುಶ್ರೂಷೆ ಮಾಡಲು ಏನೂ ಉಳಿದಿರಲಿಲ್ಲ.

ಆಸ್ಪತ್ರೆಗೆ ಮರಳಿದಾಗ ಗಂಟಿನ ಕಲ್ಲುಗಳು ಇನ್ನೂ ಬಿಸಿಯಿದ್ದವು. ಥೇ ಮೆ ಗಂಟನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಹಾಯಾಯ್ತಕ್ಕ. ಬಾಂಬು ಎಲ್ಲಿ ಬಿತ್ತು? ಅಮ್ಮ ಎಲ್ಲಿ?"

ದುಃಖಕ್ಕೆ ಎದೆಹಾಲು ಬತ್ತುವುದನ್ನು ಯಿ ಮೋನ್ ಎಷ್ಟೋ ಸಲ ಕಂಡಿದ್ದಳು. ಮಗುವನ್ನೆತ್ತಿ ಅವಳ ಎದೆಗಿಟ್ಟಳು.

"ಹೇಳ್ತೀನಮ್ಮ," ಎಂದಳು. "ಮೊದ್ಲು ಮಗು ಹೊಟ್ಟೆ ತುಂಬಾ ಕುಡೀಲಿ."