ಹಸನಬೀ ಪಾಠದ ಫ್ಲಾಪಿ

ಗಂಗಾವತಿ ಬಸ್ ನಿಲ್ದಾಣದ ಹಿಂದಿನ ತನ್ನ ರಿಪೇರಿ ಅಂಗಡಿಯಲ್ಲಿ ಜಾಸ್ಮೀನ ಆ ಹಳೆಯ ಕಂಪ್ಯೂಟರಿನ ಮುಚ್ಚಳ ಬಿಚ್ಚಿದವಳೇ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. ಒಳಗೆ ಇಲಿ ಗೂಡು ಕಟ್ಟಿ, ಉಚ್ಚೆ ಹೊಯ್ದು, ತಾಮ್ರದ ಗೆರೆಗಳೆಲ್ಲ ಹಸಿರುಗಟ್ಟಿದ್ದವು. ಫ್ಲಾಪಿ ಡ್ರೈವಿನ ಬಾಯಿಗೆ ಜಿರಳೆಯ ಮೊಟ್ಟೆಗಳು ಅಂಟಿಕೊಂಡಿದ್ದವು. ಡ್ರೈವಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತಾಗಿತ್ತು. ಬೆರಳಿಗೆ ಮೆತ್ತಿದ್ದು ಮೂರು ಸಲ ಸಾಬೂನು ಹಚ್ಚಿದರೂ ಹೋಗಲಿಲ್ಲ. ಆ ಮಧ್ಯಾಹ್ನ ಅವಳು ಬುತ್ತಿ ಬಿಚ್ಚಲೇ ಇಲ್ಲ.

ಅದನ್ನು ತಂದವನು ಹನುಮನಹಳ್ಳಿಯಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ಶಾಂತಕುಮಾರ. ಹಿಟ್ನಾಳದ ಗುಜರಿಯಲ್ಲಿ ಸಿಕ್ಕಿತ್ತಂತೆ. ಕೀಬೋರ್ಡಿನೊಳಗೇ ಇಡೀ ಯಂತ್ರವಿದ್ದು, ಟಿವಿಗೆ ಜೋಡಿಸುವಂಥ ಮೂವತ್ತೈದು ವರ್ಷ ಹಳೆಯ ಮಾದರಿ.

"ಫ್ಲಾಪಿ ಡ್ರೈವ್ ತಗದು ಪೆನ್‌ಡ್ರೈವ್ ಹಾಕೋ ಹಂಗ ಮಾಡ್ರಿ ಅಕ್ಕಾರ. ಹಳೇ ಗೇಮ್ ಆಡಾಕ ಮಂದಿ ಬರ್ತಾರ," ಎಂದಿದ್ದ.

ಎರಡು ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹಲ್ಲುಜ್ಜುವ ಬ್ರಶ್ಶಿಗೆ ಸ್ಪಿರಿಟ್ ಹಾಕಿ ತಿಕ್ಕಿದಳು. ಹಳೆಯ ಡ್ರೈವಿದ್ದ ಜಾಗಕ್ಕೆ ಪೆನ್‌ಡ್ರೈವ್ ಓದುವ ಪುಟ್ಟ ಪೆಟ್ಟಿಗೆ ಕೂರಿಸಿದಳು. ಮೊದಲು ಕೇಬಲ್ ತಿರುವುಮುರುವಾಗಿ ಪೆಟ್ಟಿಗೆಯ ದೀಪ ಸುಮ್ಮನೆ ಉರಿಯುತ್ತಲೇ ಇತ್ತು, ಯಂತ್ರ ಏಳಲಿಲ್ಲ. ತಿರುಗಿಸಿ ಚುಚ್ಚಿದ ಮೇಲೆ ಯಂತ್ರ ಎದ್ದಿತು.

ಯಂತ್ರದ ಜೊತೆ ಬೂಷ್ಟು ಹಿಡಿದ ಫ್ಲಾಪಿಗಳೂ ಇದ್ದವು. ಒಂದರ ಮೇಲೆ ಅಚ್ಚುಕಟ್ಟಾದ ಅಕ್ಷರದಲ್ಲಿ 'ಹಸನಬೀ ಪಾಠ. ರಾಜಾಸಾಬ ಮಾಸ್ತರ, ಹಿಟ್ನಾಳ' ಎಂದು ಬರೆದಿತ್ತು. ಬಿಸಾಡಲು ಮನಸ್ಸಾಗದೆ ಅವಳು ಅದನ್ನು ತೊಳೆದು ಒಣಗಿಸಿ, ಹಳೆಯ ಡ್ರೈವಿಗೆ ಹೊಸ ಬೆಲ್ಟು ಹಾಕಿ ಓದಿಸಿ, ಅದರಲ್ಲಿದ್ದುದನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಪರದೆಯ ಮೇಲೆ ಚುಕ್ಕಿಗಳಲ್ಲಿ ಬಿಡಿಸಿದ 'ಅ' ಬಂತು. ಸರಿಯಾದ ಕೀ ಒತ್ತಿದರೆ ಹೂವು. ತಪ್ಪಿದರೆ ಕತ್ತೆಯೊಂದು ಬಾಯಿ ತೆರೆದು, ಕೆಳಗೆ 'ಹಸನಬೀ' ಎಂದು ಮೂಡುತ್ತಿತ್ತು. ಹಸನಬೀ ಮಾಸ್ತರರ ಹೆಂಡತಿಯಿರಬೇಕು, ಅವಳಿಗೆ ಅಕ್ಷರ ಕಲಿಸಲು ಅವರು ಮಾಡಿದ ತಮಾಷೆ ಎಂದುಕೊಂಡು ಜಾಸ್ಮೀನ ನಕ್ಕಳು.

ಯಂತ್ರ ನೋಡಲು ಬಂದ ಶಾಂತಕುಮಾರನೂ ನಕ್ಕ. "ಗೇಮ್ ಬಿಡ್ರಿ, ಇದನ್ನ ಹಾಕ್ರಿ. ಓದಾಕ ಬರಲಾರದ ಹೆಂಡ್ತಿ, ಬಾಯಿ ತಗದ ಕತ್ತಿ. ಫಾರಿನ್ನೋರು ಬಿದ್ದು ಬಿದ್ದು ನಗ್ತಾರ."

"ಆಕಿ ಇದ್ರ ಒಂದ್ ಮಾತು ಕೇಳ್ಬೇಕಲ್ರಿ," ಎಂದಳು ಜಾಸ್ಮೀನ.

"ಅದಾಳಂತ, ಗುಜರಿಯವ ಹೇಳ್ದ. ಆಕಿಗೇನ್ ತಿಳಿತೈತ್ರಿ?"

ಇಲಿಯ ಗೂಡಿಗಿಂತ ಹೆಚ್ಚು ಹೇಸಿಗೆ ಅವಳಿಗೆ ಆ ಮಾತಿನಿಂದ ಬಂತು. ಮರುದಿನ ಲ್ಯಾಪ್‌ಟಾಪ್ ಹಿಡಿದು ಹಿಟ್ನಾಳದ ಬಸ್ಸು ಹತ್ತಿದಳು.

ಹಸನಬೀ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಮಾಸ್ತರು ತೀರಿಕೊಂಡು ವರ್ಷವಾಗಿತ್ತು. ಗಂಡನ ನೆನಪು ಕಂಡು ಮುದುಕಿಯ ಕಣ್ಣು ತುಂಬಬಹುದು ಎಂದುಕೊಂಡೇ ಜಾಸ್ಮೀನ ಪರದೆ ತೋರಿಸಿದಳು. ಹಸನಬೀ ಒಂದೇ ಸಲ ನೋಡಿ, ಮುಖ ತಿರುಗಿಸಿ, ಬೇಲಿಯ ಕಡೆಗೆ ಉಗುಳಿದಳು.

"ಐತವಾರ ಐತವಾರ ಸಾಲಿ ಮಾಸ್ತರನ್ನೆಲ್ಲ ಚಾ ಕುಡಿಯಾಕ ಕರೀತಿದ್ದ, ಬೇಟಿ. ಚಾ ಕೊಟ್ಟ ಮ್ಯಾಲೆ ನನ್ನ ಇದರ ಮುಂದ ಕುಂದ್ರಸ್ತಿದ್ದ. ಅಷ್ಟ್ ಮಂದಿ ಮುಂದ ತಪ್ಪು ಒತ್ತತಿದ್ದೆ. ಕತ್ತಿ ಬರ್ತಿತ್ತು. ಎಲ್ಲಾರೂ ನಗ್ತಿದ್ರು. ಹೂವು ಬಂದದ್ದು ನಾ ಒಮ್ಮಿನೂ ನೋಡಿಲ್ಲ."

ತಾನೂ ನಕ್ಕಿದ್ದು ನೆನಪಾಗಿ ಜಾಸ್ಮೀನ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ಮತ್ತ ಓದಾಕ ಕಲೀಲೇ ಇಲ್ಲೇನ್ ಚಾಚಿ?"

"ಕಲ್ತೆ. ಬಸ್ಸಿನ ಬೋರ್ಡು ನೋಡಿ ನೋಡಿ ಕಲ್ತೆ. ಅವಗ ಹೇಳ್ಳಿಲ್ಲ. ಸಾಯೂತನಕ ಹೇಳ್ಳಿಲ್ಲ."

"ಇದನ್ನ ಏನ್ ಮಾಡ್ಲಿ?"

"ಅಳಿಸು. ನನ್ನ ಮುಂದನ ಅಳಿಸು."

ಅಳಿಸಿದಳು. ಚೀಲದಿಂದ ಫ್ಲಾಪಿಯನ್ನೂ ತೆಗೆದುಕೊಟ್ಟಳು. ಹಸನಬೀ ಅದನ್ನು ಎರಡು ಬೆರಳ ತುದಿಯಲ್ಲಿ, ಸತ್ತ ಹಲ್ಲಿಯನ್ನು ಹಿಡಿದಂತೆ ಹಿಡಿದು ಒಲೆಗೆ ಹಾಕಿದಳು. ಕೆಟ್ಟ ವಾಸನೆಯ ಹೊಗೆ ಎದ್ದಿತು. ಇಬ್ಬರೂ ಸೆರಗು ಮೂಗಿಗೆ ಒತ್ತಿಕೊಂಡು ಪೂರಾ ಸುಡುವವರೆಗೆ ಅಲ್ಲೇ ನಿಂತರು.

ಶಾಂತಕುಮಾರ ಯಂತ್ರ ಒಯ್ಯಲು ಬಂದಾಗ ಅದರಲ್ಲಿ ಬರೀ ಗೇಮುಗಳಿದ್ದವು. "ಕತ್ತಿ ಎಲ್ಲೈತ್ರಿ?" ಎಂದ.

"ಅಳಿಸೀನಿ," ಎಂದಳು ಜಾಸ್ಮೀನ. ಅವನು ಗೊಣಗುತ್ತ ಹೋದ ಮೇಲೆ ಮೇಜಿಗೆ ಇನ್ನೊಮ್ಮೆ ಸ್ಪಿರಿಟ್ ಹಾಕಿ ಒರೆಸಿದಳು.